ಮಾವಾರು ಮನ್ಯಾಗ ಇಲ್ರಿ

ಯರಗಟ್ಟಿಯ ಬಸ್‌ಸ್ಟ್ಯಾಂಡಿನಿಂದ ಪೇಟೆಯ ಒಳಗೆ ಹೊರಟರೆ ಬಲಗಡೆ ಮೊದಲು ರಸಗೊಬ್ಬರದ ಅಂಗಡಿ, ಆಮೇಲೆ ಮೊಬೈಲ್ ಅಂಗಡಿ, ಅದಕ್ಕೆ ಹತ್ತಿಕೊಂಡೇ ಸಿದ್ದಲಿಂಗವ್ವನ ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಎರಡು ಖೋಲಿ ಮತ್ತು ಅಡುಗೆಮನೆ. ಹದಿನೇಳು ತುಂಬುವಷ್ಟರಲ್ಲಿ ಮುರಗೋಡದಿಂದ ಸೊಸೆಯಾಗಿ ಈ ಮನೆಗೆ ಬಂದವಳು ಅವಳು. ಅತ್ತೆ ಸತ್ತಿದ್ದು, ತನ್ನ ಎರಡು ಹೆರಿಗೆಯಾಗಿದ್ದು, ಮಾವ ಶಂಕರೆಪ್ಪ ಹೋಗಿದ್ದು, ಕಡೆಗೆ ಗಂಡ ಶ್ರೀಶೈಲ ಕಣ್ಣು ಮುಚ್ಚಿದ್ದು, ಎಲ್ಲ ಇದೇ ಮನೆಯಲ್ಲಿ. ಮಗಳು ಶಿವಾನಿಯನ್ನು ಕಿತ್ತೂರಿಗೆ ಕೊಟ್ಟಾಗಿತ್ತು. ಮಗ ನಿಂಗರಾಜ ಗಿರಣಿ ನಡೆಸುತ್ತಿದ್ದ, ಅವನಿಗೆ ಹುಡುಗಿ ನೋಡುವುದು ನಡೆದಿತ್ತು.

ಲಾಕ್‌ಡೌನ್ ಮುಗಿದು ಕೋರ್ಟುಗಳು ಮತ್ತೆ ಬಾಗಿಲು ತೆರೆದ ವರ್ಷ. ಒಂದು ಮಧ್ಯಾಹ್ನ ಸವದತ್ತಿ ಕೋರ್ಟಿನ ಅಮೀನ ಮೋಟಾರ್‌ಸೈಕಲ್ಲಿನ ಮೇಲೆ ಬಂದು ಸಮನ್ಸ್ ಕೊಟ್ಟು ಸಹಿ ಮಾಡಿಸಿಕೊಂಡು ಹೋದ. ನಿಂಗರಾಜ ಯಂತ್ರ ಬಂದ್ ಮಾಡಿ, ಅಂಗೈಯ ಹಿಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡು ನಿಂತಲ್ಲೇ ಓದಿದ.

"ಯವ್ವಾ, ರಾಮದುರ್ಗದಾಗ ಬಿಬಿಜಾನ ಅಂತ ಯಾರರ ಗೊತ್ತೇನ?"

"ಇಲ್ಲಪಾ."

"ದಸ್ತಗೀರಸಾಬ?"

ಸಿದ್ದಲಿಂಗವ್ವ ಗೋಧಿ ಸಾಣಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಈ ಮನಿ ಅವಂದಂತ. ನಮ್ಮ ಅಜ್ಜ ಒತ್ತಿ ಹಾಕಿಸ್ಕೊಂಡಿದ್ನಂತ. ರೊಕ್ಕಾ ತುಂಬತೇವಿ, ಮನಿ ಬಿಡ್ರಿ ಅಂತ ಅವನ ಸೊಸಿ ಕೇಸ ಹಾಕ್ಯಾಳ," ಅಂದ ನಿಂಗರಾಜ. ಅವನ ಧ್ವನಿಯಲ್ಲಿ ಸಿಟ್ಟಿಗಿಂತ ನಗೆ ಹೆಚ್ಚಿತ್ತು. ಯಾರೋ ವಿಳಾಸ ತಪ್ಪಿ ಹಾಕಿದ ಕಾಗದ ಅಂದುಕೊಂಡಿದ್ದ.

ಮಾರನೆಯ ವಾರ ಸವದತ್ತಿಯ ವಕೀಲರ ಮುಂದೆ ಕೂತಾಗ ಆ ನಗೆ ಹೋಯಿತು. ವಕೀಲರು ಎದುರಿನವರು ಹಾಜರುಪಡಿಸಿದ ಪತ್ರದ ನಕಲನ್ನು ತಿರುವಿ ನೋಡಿದರು. ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿಯದು, ನೋಂದಣಿಯಾದದ್ದು. ದಸ್ತಗೀರಸಾಬ ಮೂರೂವರೆ ಸಾವಿರ ರೂಪಾಯಿ ಪಡೆದು ಮನೆಯನ್ನು ಶಂಕರೆಪ್ಪನ ಕೈಗೆ ಒಪ್ಪಿಸಿದ್ದಾನೆ. ಬಡ್ಡಿ ಇಲ್ಲ, ಬಡ್ಡಿಯ ಬದಲು ಮನೆಯನ್ನು ಬಳಸಿಕೊಳ್ಳಬೇಕು. ಅಸಲು ತಂದುಕೊಟ್ಟ ದಿನ ಮನೆ ತಿರುಗಿ ಬಿಡಬೇಕು.

"ಮೂವತ್ತೇಳು ವರ್ಷಾತಲ್ರಿ," ಅಂದ ನಿಂಗರಾಜ. "ಇಷ್ಟ ದಿನಾ ಎಲ್ಲಿದ್ರು ಇವರು?"

"ಒತ್ತಿಗೆ ಅವಧಿ ಇಲ್ಲಪಾ. ಅಸಲು ಮುಟ್ಟೂತನಾ ಅದು ಜೀವಂತ ಇರತೈತಿ. ನೂರು ವರ್ಷಾದ್ರೂ ಬಿಡಿಸ್ಕೋಬಹುದು." ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆದ್ರ ತೊಂಬತ್ತೊಂದರಿಂದ ಮನಿ ಖಾತೆ ಉತಾರದಾಗ ನಿಮ್ಮ ಅಜ್ಜನ ಹೆಸರು ಐತಿ. ಅದು ಹ್ಯಾಂಗ ಬಂತು ಅನ್ನೋದಕ್ಕ ಒಂದು ಕಾರಣ ಬೇಕು. ಆ ವರ್ಷ ದಸ್ತಗೀರಸಾಬ ಬಂದು ಮ್ಯಾಲ ಇಪ್ಪತ್ತು ಸಾವಿರ ತಗೊಂಡು ಮನಿ ಕಾಯಂ ಬಿಟ್ಟುಕೊಟ್ಟ ಅಂದ್ರ ಕೇಸಿಗೆ ಒಂದು ನಿಲುವು ಸಿಗತೈತಿ. ಅದನ್ನ ಕಣ್ಣಾರೆ ಕಂಡವರು ಯಾರರ ಅದಾರೇನು?"

ನಿಂಗರಾಜ ಪಕ್ಕದಲ್ಲಿ ಕೂತ ಅವ್ವನ ಕಡೆ ನೋಡಿದ. ವಕೀಲರೂ ನೋಡಿದರು.

"ಆಗ ಮನ್ಯಾಗ ಇದ್ದಾಕಿ ನಮ್ಮವ್ವ ಒಬ್ಬಾಕೆ ಈಗ ಉಳದಾಳ್ರಿ," ಅಂದ ನಿಂಗರಾಜ.

ಸಿದ್ದಲಿಂಗವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವಕೀಲರು ಅದನ್ನೇ ಒಪ್ಪಿಗೆ ಅಂತ ತಿಳಿದು ಬರೆದುಕೊಂಡರು.

ಕೇಸು ನಡೆಯಿತು ಅನ್ನುವುದಕ್ಕಿಂತ ತಾರೀಖುಗಳು ಬಿದ್ದವು ಅನ್ನಬೇಕು. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಅವ್ವ ಮಗ ಬಸ್ ಹತ್ತಿ ಸವದತ್ತಿಗೆ ಹೋಗುತ್ತಿದ್ದರು. ಹುಣ್ಣಿಮೆಯ ಹತ್ತಿರ ತಾರೀಖು ಬಿದ್ದರೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜನರಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಇಳಿಯುವಾಗ ಸಿದ್ದಲಿಂಗವ್ವನ ಸೆರಗಿಗೆ ಯಾರದೋ ಹಣೆಯ ಭಂಡಾರದ ಅರಿಶಿನ ಮೆತ್ತಿರುತ್ತಿತ್ತು. ಕೋರ್ಟಿನಲ್ಲಿ ಹೆಸರು ಕೂಗುವ ತನಕ ಕಾಯಬೇಕು. ಕೂಗಿದ ಮೇಲೆ ಒಳಗೆ ಹೋಗಿ ನಿಂತರೆ ಎರಡು ನಿಮಿಷದಲ್ಲಿ ಇನ್ನೊಂದು ತಾರೀಖು. ಗಿರಣಿಯ ಸದ್ದಿನಲ್ಲಿ ಮೂವತ್ತು ವರ್ಷ ಕಳೆದವಳಿಗೆ ಯಾವುದನ್ನೂ ಪೂರ್ತಿ ಕೇಳಿಸಿಕೊಳ್ಳದೆ ಇರುವುದು ರೂಢಿಯಾಗಿತ್ತು. ಕೋರ್ಟಿನ ಮಾತೂ ಹಾಗೇ ಅವಳ ಪಕ್ಕದಿಂದ ಹಾದು ಹೋಗುತ್ತಿತ್ತು.

ವರಾಂಡದಲ್ಲಿ ಇದ್ದದ್ದು ಒಂದೇ ಉದ್ದ ಬೆಂಚು. ಅದರ ಆ ತುದಿಯಲ್ಲಿ ಬಿಬಿಜಾನ ಕೂತಿರುತ್ತಿದ್ದಳು, ಮಗಳು ಹಿನಾಕೌಸರಳ ಜೊತೆ. ಬಿಬಿಜಾನಳೂ ಹೆಚ್ಚುಕಡಿಮೆ ಇವಳದೇ ವಯಸ್ಸಿನವಳು, ಇವಳ ಹಾಗೇ ಗಂಡನಿಲ್ಲದವಳು. ರಾಮದುರ್ಗದ ನೇಕಾರರ ಓಣಿಯಲ್ಲಿ ಬಾಡಿಗೆ ಮನೆಯಲ್ಲಿದ್ದು ಮಗ್ಗದ ನೂಲಿನ ಕಂಡಿಕೆ ಸುತ್ತಿ ಮಕ್ಕಳನ್ನು ಬೆಳೆಸಿದ್ದಳು. ಮಗಳು ಶಾಲೆಯಲ್ಲಿ ಕಲಿಸುತ್ತಿದ್ದಳು. ಮೊದಲ ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ಕೂತರು. ಎರಡನೇ ವರ್ಷ ಒಂದು ದಿನ ಸಿದ್ದಲಿಂಗವ್ವ ಏಳಲು ಹೋಗಿ ಮೊಣಕಾಲು ಹಿಡಿದುಕೊಂಡಾಗ ಬಿಬಿಜಾನ, "ಸಾವಕಾಶ ಏಳ್ರಿ ಯಕ್ಕಾರ, ನನಗೂ ಅದ ಬ್ಯಾನಿ," ಅಂದಳು. ಅಲ್ಲಿಂದ ಮಂಡಿನೋವು, ಎಣ್ಣೆ, ಬಸ್ಸಿನ ರಶ್ಶು, ಇಷ್ಟರ ಮಟ್ಟಿಗೆ ಮಾತು ಬೆಳೆಯಿತು. ಮನೆಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಒಮ್ಮೆ ಮಾತ್ರ ಬಿಬಿಜಾನ ತಾನಾಗಿ ಹೇಳಿದಳು. "ಹತ್ತೊಂಬತ್ತರಾಗ ಹೊಳಿ ಬಂತಲ್ರಿ, ನಮ್ಮ ಓಣಿ ಪೂರಾ ನೀರಾಗಿತ್ತು. ಮನಿ ಗ್ವಾಡಿ ಕುಸದ್ವು. ನೀರ ಇಳದ ಮ್ಯಾಲ ಟ್ರಂಕ್ ತಗದು ಬಟ್ಟಿ ಬಿಸಲಿಗೆ ಹಾಕಿದ್ವಿ. ತಳದಾಗ ಪ್ಲಾಸ್ಟಿಕ್ ಚೀಲದಾಗ ಆ ಒತ್ತಿ ಕಾಗದದ ನಕಲು ಇತ್ತು. ಹಿನಾ ಓದಿದ್ಲು. ಯರಗಟ್ಟ್ಯಾಗ ಒಂದ ಮನಿ ಇತ್ತಂತ, ಹೋತಂತ ಅಂತಿದ್ರು ನಮ್ಮ ಮನಿಯವರು. ಹೋಗಿಲ್ಲ ಅಂತ ಆವತ್ತ ಗೊತ್ತಾತು."

ಸಿದ್ದಲಿಂಗವ್ವ ತಲೆಯಾಡಿಸಿದಳು. ಏನಾದರೂ ಅನಿಸಬೇಕಾಗಿತ್ತು ಅಂತ ಅವಳಿಗೆ ಗೊತ್ತಿತ್ತು. ಸಿಟ್ಟೋ, ಪಾಪವೋ, ಹೆದರಿಕೆಯೋ. ಕೂಗುವವನ ದಾರಿ ನೋಡುತ್ತ ಕೂತಳು.

ಊರಿನಲ್ಲಿ ನಿಂಗರಾಜನಿಗೆ ನೋಡಿದ ಸಂಬಂಧಗಳು ಒಂದೊಂದಾಗಿ ಹಿಂದೆ ಸರಿದವು. ಬೈಲಹೊಂಗಲದ ಕಡೆಯವರೊಬ್ಬರು ಬಾಯಿಬಿಟ್ಟೇ ಹೇಳಿದರು: ಕೇಸಿನ ಮನೆಗೆ ಹುಡುಗಿ ಕೊಡುವುದು ಹೇಗೆ, ಮೊದಲು ಅದು ಮುಗಿಯಲಿ. ನಿಂಗರಾಜ ಮೂವತ್ತೆರಡು ದಾಟಿದ. ಮಾತು ಕಡಿಮೆಯಾಯಿತು. ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಒಂದೇ ಮಾತು ತಿರುತಿರುಗಿ ಹೇಳುತ್ತಿದ್ದ. "ತೊಂಬತ್ತೊಂದು. ಇಪ್ಪತ್ತು ಸಾವಿರ. ಪಡಸಾಲ್ಯಾಗ ಕುಂತು ಎಣಸಿದ್ರು. ಇಷ್ಟ ನೆಪ್ಪಿಡು."

ಸಾಕ್ಷಿಯ ಪ್ರಮಾಣಪತ್ರವನ್ನು ವಕೀಲರೇ ಬರೆಸಿದ್ದರು. ಆಕೆ ಅದಕ್ಕೆ ಸಹಿ ಹಾಕಿದಳು. ಎಲ್ಲಿ ಬೆರಳು ತೋರಿಸಿದರೋ ಅಲ್ಲಿ ಹಾಕಿದಳು, ಐದು ಹಾಳೆ.

ಅಡ್ಡ ಪ್ರಶ್ನೆ ಕೇಳುವ ತಾರೀಖು ಇಪ್ಪತ್ತಮೂರರ ಚಳಿಗಾಲದಲ್ಲಿ ಬಂತು. ಕಟಕಟೆ ಹತ್ತುವಾಗ ಮೆಟ್ಟಿಲು ಎತ್ತರವಾಯಿತು, ಪೊಲೀಸಿನವನು ಮೊಣಕೈ ಹಿಡಿದು ಹತ್ತಿಸಿದ. ಪ್ರಮಾಣ ಮಾಡಿಸಿದರು. ಬೆರಳಚ್ಚಿನ ಹೆಣ್ಣುಮಗಳು ಕಂಪ್ಯೂಟರಿನ ಹಿಂದೆ ತಯಾರಾಗಿ ಕೂತಳು. ಎದುರಿನ ವಕೀಲರು ಸಣ್ಣ ವಯಸ್ಸಿನ ಹುಡುಗಿ, ನಿಧಾನವಾಗಿ ಕೇಳುವವಳು.

"ಅವ್ವಾರ, ನೀವು ಈ ಮನಿಗೆ ಸೊಸಿಯಾಗಿ ಬಂದಿದ್ದು ಯಾವಾಗ?"

"ಎಂಬತ್ನಾಕರಾಗ್ರಿ."

"ದಸ್ತಗೀರಸಾಬ ಅವರನ್ನ ನೋಡೀರೇನು?"

"ನೋಡೇನ್ರಿ."

"ತೊಂಬತ್ತೊಂದರಾಗ ಅವರು ನಿಮ್ಮ ಮನಿಗೆ ಬಂದಿದ್ರು ಅಂತ ಬರಸೀರಿ. ಯಾವ ತಿಂಗಳದಾಗ?"

ನಿಂಗರಾಜ ಬಾಗಿಲ ಬಳಿ ನಿಂತಿದ್ದ. ವಕೀಲರು ಕಡತದ ಮೇಲೆ ಕೈಯಿಟ್ಟುಕೊಂಡಿದ್ದರು. ಸಿದ್ದಲಿಂಗವ್ವ ತಿಂಗಳನ್ನು ಯೋಚಿಸಿದಳು. ತಿಂಗಳು ಯಾವುದೂ ಬರಲಿಲ್ಲ, ಬಂದದ್ದು ಒಬ್ಬ ಮನುಷ್ಯ. ಬಿಳಿ ಟೋಪಿ, ನೀಲಿ ಗೆರೆಯ ಲುಂಗಿ, ಬಗಲಲ್ಲಿ ಒಂದು ಬಟ್ಟೆಯ ಚೀಲ. ಅವಳು ಅದನ್ನು ಮರೆತಿದ್ದಳು ಅಂದರೆ ಸುಳ್ಳಾಗುತ್ತದೆ. ನೆನಪು ಮಾಡಿಕೊಳ್ಳದೆ ಸುಮಾರು ನಲವತ್ತು ವರ್ಷ ಇರಲು ಸಾಧ್ಯವಾಗಿತ್ತು, ಅಷ್ಟೇ.

ಮದುವೆಯಾದ ಎರಡನೇ ವರ್ಷ ಅದು. ಹೊರಗಿನಿಂದ "ಶಂಕರೆಪ್ಪಣ್ಣಾ" ಅಂತ ಕೂಗು ಬಂದಾಗ ಮಾವ ಒಳಖೋಲಿಯಲ್ಲಿ ಕಂಬಳಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಕೂಗು ಕೇಳಿ ಬೀಡಿ ಆರಿಸಿದ. ಸೊಸೆಗೆ ಕೈಸನ್ನೆಯಲ್ಲಿ ಇಲ್ಲ ಅನ್ನು ಅಂತ ತೋರಿಸಿದ. ಅವಳು ನೀರಿನ ಚರಗಿ ಹಿಡಿದು ಹೊಸ್ತಿಲಲ್ಲಿ ನಿಂತು, "ಮಾವಾರು ಮನ್ಯಾಗ ಇಲ್ರಿ," ಅಂದಳು. ಆ ಮನುಷ್ಯ ಕಟ್ಟೆಯ ಮೇಲೆ ಕೂತು ನೀರು ತೆಗೆದುಕೊಂಡ. ಕುಡಿದ. "ಬಂದ್ರ ಹೇಳವಾ ತಂಗೆವ್ವಾ, ದಸ್ತಗೀರಸಾಬ ರೊಕ್ಕಾ ತಂದಿದ್ದ, ಕಾಗದ ಬಿಡಿಸ್ಕೋತಾನಂತ," ಅಂದು ಹೋದ. ಆಮೇಲೆ ಸುಗ್ಗಿಯಲ್ಲಿ ಬಂದ. ಮುಂದಿನ ವರ್ಷ ಮತ್ತೊಮ್ಮೆ. ಮೂರು ಸಲವೂ ಅವಳೇ ಬಾಗಿಲಿಗೆ ಬಂದಳು, ಅದನ್ನೇ ಹೇಳಿದಳು.

"ಕೇಳಿಸ್ತೇನ್ರಿ ಅವ್ವಾರ? ತೊಂಬತ್ತೊಂದರಾಗ ಬಂದಿದ್ರೇನು?"

"ಇಲ್ರಿ," ಅಂದಳು ಸಿದ್ದಲಿಂಗವ್ವ. "ತೊಂಬತ್ತೊಂದರಾಗ ಬಂದಿಲ್ಲ. ಅದಕಿಂತ ಮದಲ ಬಂದಿದ್ರು. ಮೂರು ಸಲ."

ಬೆರಳಚ್ಚಿನ ಸದ್ದು ನಿಂತಿತು. ನ್ಯಾಯಾಧೀಶರು ತಲೆಯೆತ್ತಿದರು.

"ಯಾಕ ಬಂದಿದ್ರು?" ವಕೀಲ ಹುಡುಗಿಯ ದನಿ ಇನ್ನೂ ನಿಧಾನವಾಯಿತು. ಅವಳಿಗೂ ಇದು ಗೊತ್ತಿರಲಿಲ್ಲ.

"ರೊಕ್ಕಾ ತಂದಿದ್ರು. ಕಾಗದ ಬಿಡಿಸ್ಕೋತೇನಿ ಅಂತಿದ್ರು. ನಮ್ಮ ಮಾವ ಒಳಗ ಕುಂತಿದ್ದ. ಮನ್ಯಾಗಿಲ್ಲ ಅಂತ ಹೇಳಂದ. ನಾ ಹೇಳಿದೆ."

"ಇಪ್ಪತ್ತು ಸಾವಿರ ಕೊಟ್ಟಿದ್ದು?"

"ನಾ ನೋಡಿಲ್ರಿ. ಬರದದ್ದಕ್ಕ ಸಹಿ ಮಾಡೇನಿ."

ನ್ಯಾಯಾಧೀಶರು ಒಂದೊಂದೇ ವಾಕ್ಯವಾಗಿ ಬರೆಸಿದರು. ತನ್ನ ಮಾತನ್ನು ಪುಸ್ತಕದ ಕನ್ನಡದಲ್ಲಿ ಕೇಳುವಾಗ ಅದು ಬೇರೆ ಯಾರದೋ ಸಂಗತಿಯಂತಿತ್ತು. ತಮ್ಮ ವಕೀಲರು ಎದ್ದು ಸಾಕ್ಷಿಗೆ ವಯಸ್ಸಾಗಿದೆ, ಗೊಂದಲವಾಗಿದೆ ಅಂದರು. ನ್ಯಾಯಾಧೀಶರು, "ನಿಮಗೆ ಗೊಂದಲವಾಗಿದೆಯೇ ಅಮ್ಮಾ?" ಅಂತ ಕೇಳಿದರು. "ಇಲ್ರಿ," ಅಂದಳು. ಕೆಳಗಿಳಿಯುವಾಗಲೂ ಆ ಪೊಲೀಸಿನವನೇ ಮೊಣಕೈ ಹಿಡಿದ.

ಮರಳುವಾಗ ಬಸ್ಸಿನಲ್ಲಿ ನಿಂಗರಾಜ ಅವ್ವನ ಪಕ್ಕ ಕೂಡಲಿಲ್ಲ. ಮುಂದೆ ಡ್ರೈವರನ ಹತ್ತಿರ ನಿಂತೇ ಬಂದ. ಟಿಕೆಟ್ ಮಾತ್ರ ಎರಡು ತೆಗೆಸಿದ್ದ. ಸಿದ್ದಲಿಂಗವ್ವ ಕಿಟಕಿಯ ಹೊರಗೆ ಕಡಲೆಯ ಹೊಲ ನೋಡುತ್ತ ಕೂತಳು. ಎದೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಅದೇನೂ ಆಗಲಿಲ್ಲ. ಭಾರವೂ ಆಗಲಿಲ್ಲ. ಹಸಿವೆಯಾಗಿತ್ತು. ಮನೆಗೆ ಬಂದು ರೊಟ್ಟಿ ಬಡಿದಳು. ನಿಂಗರಾಜ ಹೊರಗೆ ಉಂಡು ಬಂದ.

ತೀರ್ಪು ಬರಲು ಮತ್ತೆ ಐದು ತಿಂಗಳು ಹಿಡಿಯಿತು. ವಾದಿ ಮೂರೂವರೆ ಸಾವಿರ ರೂಪಾಯಿಯನ್ನು ಕೋರ್ಟಿನಲ್ಲಿ ಜಮಾ ಮಾಡಬೇಕು, ಪ್ರತಿವಾದಿಗಳು ಮೂಲಪತ್ರವನ್ನೂ ಮನೆಯ ಕಬ್ಜೆಯನ್ನೂ ಬಿಟ್ಟುಕೊಡಬೇಕು. ನಿಂಗರಾಜ ಮೇಲಿನ ಕೋರ್ಟಿಗೆ ಹೋಗುವ ಮಾತು ತೆಗೆದ. ವಕೀಲರು ಫೈಲು ಕಟ್ಟಿ ಪಕ್ಕಕ್ಕಿಟ್ಟರು. "ನಿಮ್ಮವ್ವನ ಬಾಯಿಂದನ ಬಂದೈತಿ. ಇದರ ಮ್ಯಾಲ ಯಾವ ಕೋರ್ಟಿಗೆ ಹೋದ್ರೂ ಖರ್ಚು ಅಷ್ಟ." ಬಿಬಿಜಾನಳ ಕಡೆಯಿಂದ ವಕೀಲರ ಮೂಲಕ ಒಂದು ಮಾತು ಬಂತು: ಗಿರಣಿ ಬೇಕಾದರೆ ಅಲ್ಲೇ ಇರಲಿ, ಬಾಡಿಗೆ ಕರಾರು ಮಾಡಿಕೊಳ್ಳೋಣ. ನಿಂಗರಾಜ ಅದಕ್ಕೆ ಒಪ್ಪಲಿಲ್ಲ. ಬೆಳಗಾವಿ ರಸ್ತೆಯಲ್ಲಿ ಮಾರ್ಕೆಟ್ ಯಾರ್ಡಿನ ಆಚೆ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದ. ಯಂತ್ರಗಳ ಬೋಲ್ಟು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಸಾಗಿಸಲು ಎರಡು ದಿನ ಬೇಕಾಯಿತು. ಮನೆಯ ಸಾಮಾನು ಹಿಂದಿನ ಓಣಿಯ ಎರಡು ಖೋಲಿಗೆ ಹೋಯಿತು. ಶಿವಾನಿ ಕಿತ್ತೂರಿನಿಂದ ಫೋನು ಮಾಡಿ, "ಇಲ್ಲಿಗೆ ಬಂದಬಿಡಬೇ," ಅಂದು ಅತ್ತಳು. "ನೋಡೂಣು," ಅಂದಳು ಸಿದ್ದಲಿಂಗವ್ವ.

ಕಬ್ಜೆ ಕೊಡುವ ದಿನ ನಿಂಗರಾಜ ಬರಲಿಲ್ಲ. ಅಮೀನ ಬಂದ, ಬಿಬಿಜಾನ, ಹಿನಾಕೌಸರ ಬಂದರು. ಬಿಬಿಜಾನಳ ಮಗ ಶಹಬಾಜ ಗಾಡಿ ಓಡಿಸುವವನು, ರಸ್ತೆಯಲ್ಲಿ ಟೆಂಪೋ ನಿಲ್ಲಿಸಿಕೊಂಡು ಅದರಲ್ಲೇ ಕೂತಿದ್ದ. ಅಮೀನ ಖೋಲಿಗಳನ್ನು ನೋಡಿ, ಪಂಚನಾಮೆ ಬರೆದು, ನೆರೆಯ ಇಬ್ಬರ ಸಹಿ ಹಾಕಿಸಿಕೊಂಡ. ಸಿದ್ದಲಿಂಗವ್ವ ಕೀಲಿಕೈ ಕೊಟ್ಟಳು. ಖಾಲಿಯಾದ ಮನೆ ಚಿಕ್ಕದಾಗಿ ಕಂಡಿತು. ಯಂತ್ರವಿದ್ದ ಕಡೆ ಕಾಂಕ್ರೀಟಿನಲ್ಲಿ ನಾಲ್ಕು ತೂತು, ಗೋಡೆಯ ಬಿರುಕುಗಳ ತುಂಬ ಹಿಟ್ಟು.

ಅಮೀನ ಹೋದ ಮೇಲೆ ಬಿಬಿಜಾನ ಬಾಗಿಲಿಗೆ ಬಂದು ನಿಂತಳು.

"ಯಕ್ಕಾರ, ನಮ್ಮ ಮಾವಾರು ಬಂದಾಗ ಎಲ್ಲಿ ಕುಂದರತಿದ್ರು?"

ಸಿದ್ದಲಿಂಗವ್ವ ಕಟ್ಟೆಯನ್ನು ತೋರಿಸಿದಳು. "ಅಲ್ಲಿ, ಆ ಮೂಲ್ಯಾಗ."

ಬಿಬಿಜಾನ ಆ ಮೂಲೆಯನ್ನು ಸ್ವಲ್ಪ ಹೊತ್ತು ನೋಡಿದಳು. "ಅವರಿಗೆ ಗೊತ್ತಿತ್ರಿ."

"ಏನು?"

"ನಿಮ್ಮ ಮಾವಾರು ಒಳಗ ಅದಾರಂತ. ಆಗಷ್ಟ ಆರಿಸಿದ ಬೀಡಿ ವಾಸನಿ ಬರತಿತ್ತಂತ. ನನ್ನ ಮದುವಿಯಾದ ಹೊಸತನದಾಗ ನಮ್ಮ ಅತ್ತಿ ಅವರಿಗೆ ಬೈತಿದ್ರು, ಒಳಗ ನುಗ್ಗಿ ಕೇಳಬೇಕಿಲ್ಲೇನು, ಮತ್ತೊಮ್ಮಿ ಹೋಗ್ರಿ ಅಂತ. ಮಾವಾರು ಅಂತಿದ್ರು, ಆ ಸಣ್ಣ ಸೊಸಿ ಬಾಗಲದಾಗ ನಿಂತು ಸುಳ್ಳ ಹೇಳೂವಾಗ ಮಾರಿ ಎತ್ತಂಗಿಲ್ಲ, ಆಕಿ ಕೈಯಾಗಿನ ಚರಗಿ ನಡಗತೈತಿ. ನಾ ಹೋದಷ್ಟ ಸಲ ಆಕಿಗೆ ಅದನ್ನ ಮಾಡಸ್ತಾರ. ನಾ ಹೋಗಂಗಿಲ್ಲ." ಬಿಬಿಜಾನ ಸೆರಗು ಸರಿ ಮಾಡಿಕೊಂಡಳು. "ಅದಕ್ಕ ನಾಕನೇ ಸಲ ಬರಲಿಲ್ಲ. ಅದು ಯಾವ ಮನಿ ಮಾತು ಅಂತ ನನಗ ತಿಳದಿದ್ದಿಲ್ಲ, ನೀವು ಕಟಕಟ್ಯಾಗ ಹೇಳಿದಾಗ ತಿಳೀತು. ಕೋರ್ಟಿನ್ಯಾಗ ನೀವು ಹೇಳಿದ ದಿನಾನ ಹೇಳಬೇಕಂದೆ. ಹೇಳಿದ್ರ ಚಲೋ ಆಗತೈತೋ ಕೆಟ್ಟ ಆಗತೈತೋ ತಿಳಿಲಿಲ್ಲ."

ಸಿದ್ದಲಿಂಗವ್ವ ಕಟ್ಟೆಯ ಮೇಲೆ ಕೂತಳು. ಅಳು ಬರುತ್ತದೆ ಅಂದುಕೊಂಡಳು, ಕಾದಳು. ರಸ್ತೆಯಲ್ಲಿ ಬೆಳಗಾವಿ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು. ತನ್ನ ಕೈ ನಡುಗುತ್ತಿತ್ತು ಅನ್ನುವುದು ಅವಳಿಗೇ ಗೊತ್ತಿರಲಿಲ್ಲ. ಚರಗಿ ಹಿಡಿದು ನಿಂತ ಆ ಹುಡುಗಿಯನ್ನು ಈಗ ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ಬಿಳಿ ಟೋಪಿ ಬಂತು, ಲುಂಗಿ ಬಂತು, ಹುಡುಗಿ ಬರಲಿಲ್ಲ. ಬಿಬಿಜಾನ ಪಕ್ಕದಲ್ಲಿ ಕೂತಳು. ಇಬ್ಬರಿಗೂ ಕೋರ್ಟಿನ ಬೆಂಚಿನ ಮೇಲೆ ಹಾಗೆ ಕೂತು ರೂಢಿಯಾಗಿತ್ತು. ಹಿನಾಕೌಸರ ಒಳಗೆ ಕಿಟಕಿಗಳನ್ನು ತೆರೆಯುವ ಸಪ್ಪಳ ಕೇಳುತ್ತಿತ್ತು.

"ಬರತೇನಿ," ಅಂದು ಸಿದ್ದಲಿಂಗವ್ವ ಎದ್ದಳು.

"ಸಾವಕಾಶ ಹೋಗ್ರಿ," ಅಂದಳು ಬಿಬಿಜಾನ.

ಹೊಸ ಗಿರಣಿ ಮೊದಲ ತಿಂಗಳು ನಡೆಯಲಿಲ್ಲ. ಪೇಟೆಯ ಹೆಂಗಸರಿಗೆ ಅಷ್ಟು ದೂರ ಡಬ್ಬಿ ಹೊತ್ತು ಬರುವುದು ಆಗುತ್ತಿರಲಿಲ್ಲ. ಎರಡನೇ ತಿಂಗಳಿನಿಂದ ಯಾರ್ಡಿಗೆ ಮಾಲು ತರುವ ಹಳ್ಳಿಯವರು ಶುರುವಾದರು. ಮಾರಿ ಹೋಗುವಾಗ ಮನೆಗೆ ಹಿಟ್ಟು ಬೀಸಿಕೊಂಡು ಹೋಗುವವರು. ಅವರ ಚೀಲಗಳು ದೊಡ್ಡವು. ಸಿದ್ದಲಿಂಗವ್ವ ದಿನಾ ಹತ್ತಕ್ಕೆ ನಡೆದು ಬಂದು ಸಾಣಿಗೆ ಹಿಡಿಯುತ್ತಿದ್ದಳು. ನಿಂಗರಾಜ ಕೆಲಸದ ಮಾತಷ್ಟೇ ಆಡುತ್ತಿದ್ದ, ಜೋಳ ಹಾಕು, ಖಾರದ ಯಂತ್ರ ಒರಸು ಅಂತ. ಕೋರ್ಟಿನಲ್ಲಿ ಜಮಾ ಆದ ಮೂರೂವರೆ ಸಾವಿರವನ್ನು ತರಲು ಅವನು ಹೋಗಿರಲಿಲ್ಲ. ವಕೀಲರು ಎರಡು ಸಲ ಫೋನು ಮಾಡಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಶೆಡ್ಡು ಸುಮ್ಮನಾಯಿತು. ತಗಡಿನ ಕೆಳಗೆ ಸೆಖೆ. ನಿಂಗರಾಜ ಚೀಲದ ಮೇಲೆ ಕೂತಿದ್ದವನು ಅವ್ವನ ಕಡೆ ನೋಡದೆ ಕೇಳಿದ.

"ಯಾಕ ಹಂಗ ಹೇಳಿದಿ?"

ಕೋರ್ಟಿನ ಆ ಮಾತಿಗೆ ಒಂದೂವರೆ ವರ್ಷವಾಗಿತ್ತು. ಸಿದ್ದಲಿಂಗವ್ವ ಯೋಚಿಸಿದಳು. ದೇವರ ಮೇಲೆ ಆಣೆ ಮಾಡಿದ್ದೆ ಅನ್ನಬಹುದಿತ್ತು, ಮಾವನ ಪಾಪ ತೊಳೆಯಲಿಕ್ಕೆ ಅನ್ನಬಹುದಿತ್ತು. ಊರಲ್ಲಿ ಕೆಲವರು ಹಾಗೆಲ್ಲ ಆಡಿಕೊಂಡಿದ್ದರು. ಯಾವುದೂ ಆ ಹೊತ್ತಿನಲ್ಲಿ ಅವಳ ಒಳಗೆ ಇರಲಿಲ್ಲ.

"ಕೇಳಿದ್ರು," ಅಂದಳು. "ಹೇಳಿದೆ."

"ಅಷ್ಟನಾ?"

"ಅಷ್ಟ. ಇಷ್ಟ ವರ್ಷದಾಗ ಅದನ್ನ ಯಾರೂ ಕೇಳಿದ್ದಿಲ್ಲ."

ನಿಂಗರಾಜ ಎದ್ದು ಹೋಗಿ ಹೊರಗಿನ ಹೋಟೆಲಿನಿಂದ ಚಹಾ ತಂದ, ಎರಡು ಕಪ್ಪು. ಒಂದನ್ನು ಅವ್ವನ ಹತ್ತಿರದ ಡಬ್ಬಿಯ ಮುಚ್ಚಳದ ಮೇಲಿಟ್ಟ. ಅವಳು ಕುಡಿಯುತ್ತಿರುವಾಗಲೇ ಕರೆಂಟು ಬಂತು. ಸಂಗೊಳ್ಳಿ ಕಡೆಯ ರೈತನೊಬ್ಬ ತನ್ನ ಜೋಳದ ಚೀಲ ಮುಂದಿನದು ಅಂತ ನೆನಪಿಸಿದ. ನಿಂಗರಾಜ ಬಟನ್ ಒತ್ತಿದ, ಸಿದ್ದಲಿಂಗವ್ವ ಅರ್ಧ ಕಪ್ಪನ್ನು ಬದಿಗಿಟ್ಟು ಚೀಲದ ಬಾಯಿ ಬಿಚ್ಚಿದಳು.